ಪಟ್ಟಿಯ ಕೊನೆಯ ಆಳು

ಕೊಡ್ಲಿಪೇಟೆಯಲ್ಲಿ ಹೊಸದಾಗಿ ಶುಂಠಿ ಬೇಸಾಯಕ್ಕಿಳಿದ ತೀರ್ಥೇಶನ ಹಟವೆಂದರೆ, ಜಮೀನಿನ ದುಡ್ಡಿನಲ್ಲಿ ಮನೆಗೆ ಒಂದು ಬೆಂಕಿಪೊಟ್ಟಣವೂ ಬರಕೂಡದು. ಮನೆಖರ್ಚಿಗೆ ತಾನೂ ಅಲ್ಲೇ ಕೂಲಿ ದುಡಿಯಬೇಕು. ಅದಕ್ಕೇ ಆಳುಗಳ ಪಟ್ಟಿಯ ಕೊನೆಗೆ ತನ್ನ ಹೆಸರನ್ನೂ ಬರೆದುಕೊಂಡಿದ್ದಾನೆ. ಶನಿವಾರ ಅಂಗಳದಲ್ಲಿ ಬಟವಾಡೆ ಮುಗಿಸಿ ಎಲ್ಲರನ್ನೂ ಕಳಿಸಿದ ಮೇಲೆ "ತೀರ್ಥೇಶ!" ಎಂದು ಗದರುತ್ತಾನೆ, ತಾನೇ ಎದ್ದು ಮೇಜಿನ ಆಚೆ ನಿಂತು, ಟವೆಲನ್ನು ಕಂಕುಳಿಗಿಟ್ಟು, "ಬಂದೆ ಧಣಿ" ಎನ್ನುತ್ತಾನೆ. ತಡವಾಗಿ ಎದ್ದ ದಿನ ಅರ್ಧ ಕೂಲಿ ಮುರಿದುಕೊಳ್ಳುತ್ತಾನೆ. ಮೊದಮೊದಲು ನಗುತ್ತಿದ್ದ ಹೆಂಡತಿ ದಿವ್ಯಶ್ರೀ, "ಇಬ್ರ ದನಿ ಕೇಳ್ತದೆ ಕಣ್ರಿ, ಯಾರ್ಗೆ ಅನ್ನ ಇಕ್ಲಿ?" ಎಂದು ಈಗ ಬಾಗಿಲು ಹಾಕಿಕೊಳ್ಳುತ್ತಾಳೆ. ಈ ವಾರ ಅವನು ಜ್ವರದಲ್ಲೇ ಅಗೆದ. ಆದರೂ ತಡವಾಗಿ ಎದ್ದ ಎರಡು ದಿನದ ಅರ್ಧ ಕೂಲಿ ಮುರಿದ. ಶನಿವಾರ ಮಂಜು ಕವಿದ ಅಂಗಳದಲ್ಲಿ ತನ್ನ ಹೆಸರು ಕೂಗಿ ಇನ್ನೂ ಕುರ್ಚಿಯಲ್ಲಿರುವಾಗಲೇ ಮೇಜಿನಾಚೆಯ ಮಂಜಿನಿಂದ ಅವನದೇ ದನಿ, "ಮುರಿದಿದ್ದೂ ಕೊಡಿ ಧಣಿ" ಎಂದಿತು. ತೀರ್ಥೇಶ ತಲೆಯೆತ್ತದೆ ಎಣಿಸಿಕೊಟ್ಟ. ದುಡ್ಡು ತೆಗೆದುಕೊಂಡ ಕೈ ಜ್ವರದಿಂದ ಸುಡುತ್ತಿತ್ತು.