ಕೌದಿಯೊಳಗಿನ ರೊಟ್ಟಿ ಚೂರು

ನಮ್ಮ ಬಳಗದಲ್ಲಿ ಈ ಕಥೆಯನ್ನು ಎಲ್ಲರೂ ಒಂದೇ ಧಾಟಿಯಲ್ಲಿ ಹೇಳುತ್ತಾರೆ. ಹಿರೇಕೆರೂರು ಕಡೆಯ ನಮ್ಮ ಚಿಗವ್ವ ಕೌದಿ ಹೊಲಿದು ಮೊಬೈಲಿನಲ್ಲಿ ಮಾರುತ್ತಿದ್ದಳಂತೆ. ಕೌದಿಯೊಳಗೆ ರೊಟ್ಟಿ ಇಟ್ಟು ಕಳಿಸಿದಳಂತೆ. ಇರುವೆ ಮುತ್ತಿದವಂತೆ, ಗಿರಾಕಿ ಕೋರ್ಟಿಗೆ ಹೋದನಂತೆ, ಅಂಗಡಿ ಮುಚ್ಚಿತಂತೆ. ಕಡೆಗೆ ಓದಿದ ಹುಡುಗಿ, ಅಂದರೆ ನಾನು, ಇಂಗ್ಲಿಷಿನಲ್ಲಿ ಪತ್ರ ಬರೆದು ಅವಳನ್ನು ಉಳಿಸಿದೆನಂತೆ.

ಇದನ್ನು ಸವಣೂರಿನ ನಮ್ಮ ಅತ್ತೆಯ ಬಾಯಲ್ಲಿ ಕೇಳಬೇಕು. ಹೋದ ತಿಂಗಳು ಅವಳ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಇತ್ತು. ಊಟದ ಪಂಕ್ತಿಯಲ್ಲಿ ಹೋಳಿಗೆ ಬರುವುದರೊಳಗೆ ಅತ್ತೆ ಶುರು ಮಾಡಿದಳು.

“ರೊಟ್ಟಿ ತಿನ್ನಾಕ ಇರ್ತೈತೋ, ಹೊಚಗೊಳ್ಳಾಕ ಇರ್ತೈತೋ? ಆ ಗಿರಾಕಿ, ಕೌದಿ ಜೋಡಿ ಪಲ್ಲೆ ಯಾಕ ಕಳಿಸಿಲ್ಲ ಅಂತ ಕೇಳಿರಬೇಕ ನೋಡ!”

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಚಿಗವ್ವ ನನ್ನಿಂದ ನಾಲ್ಕು ಎಲೆ ಆಚೆ ಕೂತಿದ್ದಳು. ತಲೆ ಎತ್ತಲಿಲ್ಲ, ಅನ್ನ ಕಲಸುತ್ತಲೇ ಇದ್ದಳು. ನನಗೆ ಮೈ ಉರಿಯಿತು.

“ಅತ್ತಿ, ನೀ ಹೇಳಿದ್ರಾಗ ಅರ್ಧಕ್ಕರ್ಧ ಸುಳ್ಳೈತಿ” ಎಂದೆ.

“ಬಂದ್ಳ ನೋಡ್ರಿ ವಾದಗಿತ್ತಿ! ಮದ್ಲ ಈಕಿಗೆ ಒಂದು ಕಪ್ ಕೊಡ್ರಿ, ಆಮ್ಯಾಲ ಹೋಳಿಗಿ ನೀಡ್ರಿ.”

ಕಪ್ಪಿನ ಮಾತು ಸುಳ್ಳಲ್ಲ. ಹಾನಗಲ್ಲಿನ ಕಾಲೇಜಿನಲ್ಲಿ ಮೂರು ವರ್ಷ ನಾನು ಚರ್ಚಾಸ್ಪರ್ಧೆಗೆ ನಿಲ್ಲುತ್ತಿದ್ದೆ, ಗೆದ್ದ ಕಪ್ಪುಗಳು ಮನೆಯ ಗೂಡಿನಲ್ಲಿ ಇವೆ. ನಮಗೆ ತರಬೇತಿ ಕೊಟ್ಟ ಮಾಸ್ತರರು ಒಂದು ಮಾತು ಹೇಳುತ್ತಿದ್ದರು: ಎದುರಿನವರು ಏನು ಹೇಳಿದರು ಅನ್ನುವುದಕ್ಕಿಂತ ಏನು ಹೇಳದೆ ಬಿಟ್ಟರು ನೋಡು, ಅಲ್ಲೇ ಹಿಡಿ. ಹಾಗಾಗಿ ಅತ್ತೆ ಹೇಳದೆ ಬಿಟ್ಟಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗಿರಾಕಿ ಕೋರ್ಟಿಗೆ ಹೋಗಲೇ ಇಲ್ಲ. ಅಂಗಡಿ ಮುಚ್ಚಿಸಿದ್ದೂ ಯಾವ ಕೋರ್ಟೂ ಅಲ್ಲ.

ಚಿಗವ್ವ ಹೊಲಿಯುವುದು ಹಳೆಯ ಸೀರೆಯ ಕೌದಿ. ನಾಲ್ಕೈದು ಪದರು ಸೀರೆ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಅಂಚಿನಿಂದ ಒಳಗೆ ಒಂದೊಂದೇ ಸಾಲು ಕೈಹೊಲಿಗೆ ಹಾಕುತ್ತಾ ಬರುತ್ತಾಳೆ. ಒಂದು ಮೂಲೆಯನ್ನು ಮಾತ್ರ ಬಾಯಿ ತೆರೆದೇ ಬಿಟ್ಟಿರುತ್ತಾಳೆ. ಎಲ್ಲ ಮುಗಿದ ಮೇಲೆ ಆ ಮೂಲೆಯೊಳಗೆ ಉಗುರಿನಷ್ಟು ಖಡಕ್ ರೊಟ್ಟಿಯ ಚೂರು ಇಟ್ಟು ಬಾಯಿ ಮುಚ್ಚುತ್ತಾಳೆ. ಕೌದಿ ಉಪವಾಸ ಇರಬಾರದು, ಹಸಿದ ಕೌದಿ ಹೊದ್ದವರಿಗೆ ಬೆಚ್ಚಗಾಗುವುದಿಲ್ಲ ಎಂದು ಅವಳ ಅವ್ವ ಹೇಳಿಕೊಟ್ಟದ್ದು. ನನಗೆ ಇಂಥದ್ದರಲ್ಲಿ ನಂಬಿಕೆ ಇಲ್ಲ. ಬಟ್ಟೆಗೆ ಹೊಟ್ಟೆ ಎಲ್ಲಿರುತ್ತದೆ ಎಂದು ಸಣ್ಣವಳಿದ್ದಾಗಲೇ ವಾದ ಮಾಡಿ ಬೆನ್ನಿಗೆ ಗುದ್ದು ತಿಂದವಳು ನಾನು.

ಮಾರಾಟದ ಆ್ಯಪಿನಲ್ಲಿ ಅವಳಿಗೆ ಅಂಗಡಿ ತೆರೆದುಕೊಟ್ಟವಳೂ ನಾನೇ. ಫೋಟೊ ತೆಗೆದೆ, ವಿವರಣೆ ಬರೆದೆ, ನಲವತ್ತು ಪುಟದ ಕರಾರಿನ ಕೆಳಗೆ ‘ಒಪ್ಪಿದ್ದೇನೆ’ ಒತ್ತಿದೆ. ಒಂದು ಪುಟವನ್ನೂ ಓದಲಿಲ್ಲ. ಎದುರಿನವರ ಕಾಗದವನ್ನು ಅಕ್ಷರ ಬಿಡದೆ ಓದಿ ಎಂದು ಕಾಲೇಜಿನಲ್ಲಿ ಕಿರಿಯರಿಗೆ ಪಾಠ ಹೇಳುತ್ತಿದ್ದವಳು! ಅಂಗಡಿಯ ಪುಟದ ಮೇಲೆ ಚಿಗವ್ವನ ಹೆಸರು ಬಂತು. ರೇಷನ್ ಕಾರ್ಡು, ವೋಟರ್ ಕಾರ್ಡು, ಆಧಾರ್ ಬಿಟ್ಟರೆ ಅವಳ ಹೆಸರು ಅಚ್ಚಾದ ಜಾಗ ಅದೊಂದೇ. ದೂರದ ಊರುಗಳವರು ಅವಳ ಹೊಲಿಗೆ ಹೊಗಳಿ ಇಂಗ್ಲಿಷಿನಲ್ಲಿ ಬರೆದದ್ದನ್ನು ನನ್ನ ಕಡೆಯಿಂದ ಕನ್ನಡದಲ್ಲಿ ಓದಿಸಿ ಕೇಳುತ್ತಿದ್ದಳು. “ಇನ್ನೊಮ್ಮೆ ಓದವಾ, ಬರೇ ಹೊಲಿಗಿ ಬಗ್ಗೆ ಇದ್ದದ್ದ ಓದ” ಅನ್ನುತ್ತಿದ್ದಳು.

ಒಂದು ಬೆಳಿಗ್ಗೆ ಆ ಪುಟ ಇರಲಿಲ್ಲ. ಫೋನ್ ಮಾಡಿದಳು. “ನನ್ನ ಅಂಗಡಿ ಎಲ್ಲಿ ಹೋತ? ನಿನ್ನಿ ಇತ್ತು, ಇವತ್ತ ಇಲ್ಲ. ನೀ ಏನರ ಒತ್ತಿದೇನ?”

ನಾನು ಒತ್ತಿರಲಿಲ್ಲ. ಹುಡುಕಿದಾಗ ಕಾರಣ ಸಿಕ್ಕಿತು. ಬೇರೆ ರಾಜ್ಯದ ಒಂದು ನಗರದ ಗಿರಾಕಿ ದೂರು ಕೊಟ್ಟಿದ್ದ. ಕೌದಿಯ ಮೂಲೆಗೆ ಇರುವೆ ಬಂದವು, ಬಿಚ್ಚಿ ನೋಡಿದರೆ ತಿನ್ನುವ ಪದಾರ್ಥದ ಚೂರು, ಕೊಳಕು ಮಾಲು ಎಂದು ಫೋಟೊ ಸಮೇತ ಹಾಕಿದ್ದ. ಆ್ಯಪಿನ ಕಂಪನಿ ಅವನ ಹಣ ಮರಳಿಸಿ, ಅದೇ ದಿನ ಅಂಗಡಿ ಮುಚ್ಚಿತ್ತು. ಚಿಗವ್ವನನ್ನು ಒಂದು ಮಾತು ಕೇಳಿರಲಿಲ್ಲ. ನೋಟಿಸು ಹೋಗಿದ್ದು ನಾನು ಅಂಗಡಿ ತೆರೆಯುವ ದಿನ ಮಾಡಿ ಮರೆತುಬಿಟ್ಟಿದ್ದ ಇಮೇಲ್ ವಿಳಾಸಕ್ಕೆ, ಅದೂ ಇಂಗ್ಲಿಷಿನಲ್ಲಿ.

ಸಹಾಯವಾಣಿಗೆ ಫೋನ್ ಹಚ್ಚಿದೆ. ಗಿರಾಕಿ ಮತ್ತು ಮಾರುವವರ ನಡುವೆ ನಾವು ಮಧ್ಯವರ್ತಿಗಳು ಮಾತ್ರ ಮೇಡಂ, ಮಾಲಿನ ಜವಾಬ್ದಾರಿ ನಮ್ಮದಲ್ಲ ಎಂದರು. ಹಾಗಾದರೆ ತೀರ್ಪು ಹೇಳಿದ್ದು ಯಾರು? ಹಿರೇಕೆರೂರಿನ ಸಂತೆಯಲ್ಲಿ ಜಕಾತಿ ವಸೂಲಿಗೆ ಬರುವವನು ಚೀಟಿ ಹರಿದುಕೊಟ್ಟು ಮುಂದೆ ಹೋಗುತ್ತಾನೆ. ಬದನೆಕಾಯಿಯಲ್ಲಿ ಹುಳ ಇತ್ತು ಎಂದು ಯಾರೋ ಅಂದರೆ ಮಾರುವವಳ ಬುಟ್ಟಿ ಎತ್ತಿ ಒಗೆಯುವುದಿಲ್ಲ. ಎತ್ತಿ ಒಗೆದರೆ ಸಂತೆ ಸುಮ್ಮನಿರುವುದೂ ಇಲ್ಲ. ಈ ಕಂಪನಿ ಜವಾಬ್ದಾರಿ ಕೇಳಿದರೆ ಬರೀ ಮಧ್ಯವರ್ತಿ, ಶಿಕ್ಷೆ ಕೊಡುವಾಗ ನ್ಯಾಯಾಧೀಶ. ಆ ಕರಾರನ್ನು ಆಗ ಕೂತು ಓದಿದೆ. ಕಾರಣ ಹೇಳದೆಯೂ ಅಂಗಡಿ ಮುಚ್ಚಬಹುದು ಎಂದಿತ್ತು. ತಕರಾರಿದ್ದರೆ ಕಂಪನಿಯ ಮುಖ್ಯ ಕಚೇರಿ ಇರುವ ನಗರಕ್ಕೇ ಬರಬೇಕು ಎಂದೂ ಇತ್ತು. ಅದಕ್ಕೆ ಒಪ್ಪಿದ್ದೇನೆ ಎಂದು ನಾನೇ ಒತ್ತಿದ್ದೆ.

ಅದರ ಮೇಲೆ ಅಂಚೆಯಲ್ಲಿ ಇನ್ನೊಂದು ಬಂತು. ಗಿರಾಕಿಯ ವಕೀಲರ ನೋಟಿಸು: ದೋಷದ ಮಾಲು ಮಾರಿದ್ದೀರಿ, ಹದಿನೈದು ದಿನದಲ್ಲಿ ಉತ್ತರ ಕೊಡಿ, ಇಲ್ಲವಾದರೆ ನಮ್ಮೂರಿನ ಗ್ರಾಹಕರ ಆಯೋಗಕ್ಕೆ ಬನ್ನಿ. ಅವರ ಊರು ಇಲ್ಲಿಂದ ಒಂದು ಹಗಲು ಒಂದು ರಾತ್ರಿಯ ಪ್ರಯಾಣ. ಯಲವಿಗಿ ಸ್ಟೇಷನ್ನಿನಲ್ಲಿ ರೈಲು ಹತ್ತಿ ಹುಬ್ಬಳ್ಳಿಗೆ ಹೋಗಿದ್ದೇ ಚಿಗವ್ವನ ದೊಡ್ಡ ಪ್ರವಾಸ. ಗ್ರಾಹಕ ತನ್ನ ಊರಿನಲ್ಲೇ ದೂರು ಕೊಡಬಹುದು ಅನ್ನುವ ಕಾನೂನು ಇದೆ, ಒಳ್ಳೆಯ ಕಾನೂನು. ಅದರ ಪರವಾಗಿ ನಾನೇ ವೇದಿಕೆ ಹತ್ತಿ, ‘ಬಡ ಗ್ರಾಹಕನು ದೊಡ್ಡ ವ್ಯಾಪಾರಿಯ ಬಾಗಿಲಿಗೆ ಅಲೆಯಬೇಕೇ?’ ಎಂದು ಕೈಯೆತ್ತಿ ಕೇಳಿ ಕಪ್ ಗೆದ್ದಿದ್ದೆ. ದೊಡ್ಡ ವ್ಯಾಪಾರಿ ಪಡಸಾಲೆಯಲ್ಲಿ ಕಾಲು ಚಾಚಿ ಸೂಜಿ ಹಿಡಿದ ನನ್ನ ಚಿಗವ್ವ ಆಗಿರಬಹುದು ಎಂದು ಆವತ್ತು ಎದುರು ಪಕ್ಷದವರೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಶಿಗ್ಗಾವಿಯಲ್ಲಿ ನಮಗೆ ಪರಿಚಯದ ವಕೀಲರೊಬ್ಬರು ಇದ್ದಾರೆ. ನಾನು ಚಿಗವ್ವನನ್ನು ಕರೆದುಕೊಂಡು ಅಲ್ಲಿಗೆ ಹೋದೆ. ಅವಳು ಒಂದು ಹೊಸ ಕೌದಿಯನ್ನೂ ಗಂಟು ಕಟ್ಟಿಕೊಂಡು ತಂದಿದ್ದಳು, ಸಾಕ್ಷಿಗೆ.

“ಕುಂತ್ಗೋರ್ರಿ, ಕುಂತ್ಗೋರ್ರಿ” ಎಂದ ವಕೀಲರು ನೋಟಿಸು ಓದಿ, ಕೌದಿಯ ಮೂಲೆಯನ್ನು ಎರಡು ಬೆರಳಲ್ಲಿ ಹಿಚುಕಿ ನೋಡಿದರು. “ಹೌದಲ್ರಿ, ಗಟ್ಟಿ ಹತ್ತತೈತಿ. ನಮ್ಮವ್ವನೂ ಇಡ್ತಿದ್ಲು ನೋಡ್ರಿ. ನಾವು ಸಣ್ಣವರಿದ್ದಾಗ ಬಿಚ್ಚಿ ತಿಂದ ಬಿಟ್ಟಿದ್ವಿ.”

“ಹಂಗಾರ ನಿಮಗ ಗೊತ್ತೈತಲ್ರಿ ಸಾಹೇಬ್ರ. ಇದು ಕೊಳಕಾ? ನೀವ ಹೇಳ್ರಿ” ಎಂದಳು ಚಿಗವ್ವ.

“ನನಗ ಗೊತ್ತಿದ್ದರ ಏನ್ ಬಂತವಾ? ಅಂವಗ ಗೊತ್ತಿರಬೇಕಿತ್ತು.” ನನ್ನ ಕಡೆ ತಿರುಗಿದರು. “ತಂಗಿ, ಆ್ಯಪಿನ ವಿವರಣಿಯೊಳಗ ಈ ರೊಟ್ಟಿ ಸಂಗ್ತಿ ಬರ್ದ ಹಾಕಿದ್ರೇನು? ಒಂದ್ ಸಾಲು? ಬರ್ದ ಹಾಕಿದ್ರ ಮುಗೀತು, ದೋಷ ಅನ್ನಾಕ ಬರೂದಿಲ್ಲ. ಓದಿ ತಗೊಂಡಿ ಅಂತ ಅಂವನ ಬಾಯಿ ಮುಚ್ಚಸ್ತೇನಿ.”

ನಾನು ಬಾಯಿ ತೆರೆಯುವ ಮೊದಲೇ ಚಿಗವ್ವ ಹೇಳಿದಳು: “ಇಲ್ರಿ. ಈಕಿಗೆ ನಾ ಹೇಳಿರ್ಲಿಲ್ಲ. ಮರ್ತಿದ್ದೆ.”

ಅವಳು ಮರೆತಿರಲಿಲ್ಲ. ವಿವರಣೆ ಬರೆದ ದಿನ, ಒಳಗೆ ಏನೇನು ಇರುತ್ತದೆ ಹೇಳು ಎಂದು ನಾನು ಕೇಳಿದಾಗ, ಸೀರೆ, ದಾರ, ತುಂಡು ಬಟ್ಟೆ ಎಲ್ಲ ಹೇಳಿ, ಕಡೆಗೆ “ಮತ್ತ ರೊಟ್ಟಿ ಚೂರು, ಅದನ್ನೂ ಬರಿ, ತಗೊಂಡವರಿಗೆ ಗೊತ್ತಿರಲಿ” ಅಂದಿದ್ದಳು. ನಾನು ನಕ್ಕು, “ಅದೆಲ್ಲಾ ಬ್ಯಾಡ ಚಿಗವ್ವ, ಹಳ್ಳಿ ಮಂದಿ ಮೂಢನಂಬಿಕಿ ಅಂತಾರ” ಅಂದಿದ್ದೆ. ಆ ಸಾಲನ್ನು ಟೈಪು ಮಾಡಲೇ ಇಲ್ಲ. ನಂಬದವಳು ನಾನು. ಆದರೆ ಕೌದಿ ನನ್ನದಾಗಿರಲಿಲ್ಲ, ಒಳಗೆ ಏನಿದೆ ಎಂದು ಹೇಳುವುದಕ್ಕೆ ನಂಬಿಕೆಯೂ ಬೇಕಿರಲಿಲ್ಲ. ವಕೀಲರ ಮುಂದೆ ಇದನ್ನು ಹೇಳಬೇಕಿತ್ತು, ಹೇಳಲಿಲ್ಲ. ಚಿಗವ್ವ ಕೌದಿಯನ್ನು ಮತ್ತೆ ಗಂಟು ಕಟ್ಟುತ್ತಿದ್ದಳು. ನಾನು ಗೋಡೆಯ ಕ್ಯಾಲೆಂಡರು ನೋಡುತ್ತ ಕೂತೆ.

ವಕೀಲರು ಗಟ್ಟಿ ಉತ್ತರವನ್ನೇ ಕಳಿಸಿದರು: ಹಣ ನಿಮಗೆ ಮರಳಿ ಬಂದಿದೆ, ಮಾಲು ಮಾತ್ರ ನೀವು ಮರಳಿಸಿಲ್ಲ, ದೋಷವಿದ್ದರೆ ಮೊದಲು ಕೌದಿಯನ್ನು ಹಾಜರುಪಡಿಸಿ. ಆ ಕಡೆಯಿಂದ ಮುಂದೆ ಸದ್ದಿಲ್ಲ. ಕೊಳಕು ಎಂದು ಬರೆದ ಕೌದಿ ಇವತ್ತಿಗೂ ಅವನ ಮನೆಯಲ್ಲೇ ಇದೆ.

ಗಿರಾಕಿ ಸುಮ್ಮನಾದರೂ ಕಂಪನಿ ಸುಮ್ಮನಾಗಲಿಲ್ಲ. ಅಂಗಡಿ ತೆರೆಯಬೇಕಾದರೆ ಒಂದು ಫಾರಂ ತುಂಬಬೇಕು. ಅದರಲ್ಲಿ ಮೂರು ಚೌಕ: ತಪ್ಪಿಗೆ ಮೂಲ ಕಾರಣ, ಈಗ ಮಾಡಿದ ಕ್ರಮ, ಮುಂದೆ ಆಗದಂತೆ ಮಾಡುವ ಕ್ರಮ. ತಪ್ಪೇ ಆಗಿಲ್ಲ ಅನ್ನುವವರಿಗೆ ಚೌಕ ಇಲ್ಲ. ಕೊಲೆ ಆರೋಪಿಗೂ ಕಟಕಟೆಯಲ್ಲಿ ‘ತಪ್ಪು ಮಾಡಿಲ್ಲ’ ಅನ್ನುವ ಅವಕಾಶ ಇರುತ್ತದೆ. ಕೌದಿ ಹೊಲಿಯುವವಳಿಗೆ ಅದೂ ಇಲ್ಲ.

“ಏನರ ಬರಿ, ತಪ್ಪಾತು ಅಂತ ಮಾತ್ರ ಬರೀಬ್ಯಾಡ” ಎಂದಳು ಚಿಗವ್ವ ಫೋನಿನಲ್ಲಿ. “ಅಂಗಡಿ ಹೋದ್ರ ಹೋಗ್ಲಿ. ನಮ್ಮವ್ವ ಮಾಡಿದ್ದು, ಅಕಿ ಅವ್ವ ಮಾಡಿದ್ದು. ಎಲ್ಲಾರೂ ತಪ್ಪಿನೊಳಗ ಮಲಗಿದ್ವೇನ?”

ಮೊದಲ ಸಲ ಆ ಫಾರಂ ತುಂಬುವಾಗ, ಚರ್ಚೆಗೆ ನಿಂತ ಹಾಗೆ ಬರೆದೆ. ಪದ್ಧತಿ ಏನು, ಚೂರು ಎಷ್ಟು, ಒಣ ಖಡಕ್ ರೊಟ್ಟಿ ಯಾಕೆ ಕೆಡುವುದಿಲ್ಲ, ಎಲ್ಲ. ಕಳಿಸಿ ಚಹಾದ ಕಪ್ಪು ಕೆಳಗಿಡುವುದರೊಳಗೆ ಉತ್ತರ ಬಂತು: ವಿವರಣೆ ಸಾಲದು. ಅಷ್ಟು ಬೇಗ ಓದಬಲ್ಲ ಮನುಷ್ಯ ಇನ್ನೂ ಹುಟ್ಟಿಲ್ಲ. ಎರಡನೆಯ ಸಲ ಇನ್ನು ಮುಂದೆ ವಿವರಣೆಯಲ್ಲಿ ರೊಟ್ಟಿಯ ಸಾಲು ಸೇರಿಸುತ್ತೇವೆ, ಬೇಡ ಅನ್ನುವ ಗಿರಾಕಿಗೆ ಚೂರು ಇಡದೆ ಹೊಲಿದು ಕಳಿಸುತ್ತೇವೆ ಎಂದೆ. ಅದಕ್ಕೂ ಅದೇ ಮಾತು, ಜೊತೆಗೆ ಒಂದು ಎಚ್ಚರಿಕೆ: ಮಾರಾಟಗಾರರು ತಪ್ಪನ್ನು ಒಪ್ಪಿಕೊಂಡಿಲ್ಲ, ಇನ್ನೊಂದು ಸಲ ಮಾತ್ರ ಅವಕಾಶ, ಆಮೇಲೆ ಅಂಗಡಿ ಕಾಯಂ ಬಂದ್.

ಮೂರನೆಯದನ್ನು ಚಿಗವ್ವನಿಗೆ ಓದಿ ಹೇಳಲಿಲ್ಲ. ಮೂಲ ಕಾರಣ: ಮಾರಾಟಗಾರಳ ಅಜ್ಞಾನ. ಈಗ ಮಾಡಿದ ಕ್ರಮ: ಆ ಪದ್ಧತಿ ನಿಲ್ಲಿಸಿದ್ದೇನೆ. ಮುಂದಿನ ಕ್ರಮ: ಯಾವ ತಿನ್ನುವ ಪದಾರ್ಥವನ್ನೂ ಇಡುವುದಿಲ್ಲ, ಕ್ಷಮೆ ಇರಲಿ. ಕೆಳಗೆ ಅವಳ ಹೆಸರು.

ಮರುದಿನ ಅಂಗಡಿ ತೆರೆಯಿತು. ಅಲ್ಲಿಯವರೆಗೆ ಒಂದಕ್ಷರ ಕನ್ನಡ ಬರೆಯದ ಕಂಪನಿ ಆವತ್ತು ಚಿಗವ್ವನ ಮೊಬೈಲಿಗೆ ಕನ್ನಡದಲ್ಲಿ ಸಂದೇಶ ಕಳಿಸಿತು: ನಿಮ್ಮ ತಪ್ಪೊಪ್ಪಿಗೆಯನ್ನು ಸ್ವೀಕರಿಸಲಾಗಿದೆ. ಚಿಗವ್ವನಿಗೆ ಕನ್ನಡ ಓದಲು ಬರುತ್ತದೆ. ಅದನ್ನು ಓದಿಯೂ ನನಗೆ ಫೋನ್ ಮಾಡಲಿಲ್ಲ. ಹೊಗಳಿಕೆ ಬಂದರೂ ಓದಿ ಹೇಳು ಎಂದು ಕೇಳುವುದನ್ನು ಬಿಟ್ಟಳು.

ಸವಣೂರಿನ ಪಂಕ್ತಿಯಲ್ಲಿ ಅತ್ತೆಗೆ ನಾನು ಕಂಪನಿ, ಕರಾರು, ಮಧ್ಯವರ್ತಿ ಎಲ್ಲ ಹೇಳಿ ವಾದ ಮಾಡಿದೆ. ಬಿಟ್ಟ ಸಾಲಿನ ಮಾತು, ಮೂರನೆಯ ಪತ್ರದ ಮಾತು ಎತ್ತಲಿಲ್ಲ. ಎಂಟು ದಿನ ಬಿಟ್ಟು ಅಬಲೂರು ದಾರಿಯ ಚಿಗವ್ವನ ಊರಿಗೆ ಹೋದೆ.

ಮಧ್ಯಾಹ್ನ ಆಗಿತ್ತು. ಪಡಸಾಲೆಯ ತುಂಬ ಕೌದಿ ಹರಡಿತ್ತು, ಆ್ಯಪಿನಲ್ಲಿ ಬಂದ ಆರ್ಡರಿನದು. ಮೂರು ಮೂಲೆ ಮುಗಿದಿದ್ದವು. ನಾಲ್ಕನೆಯದು ಬಾಯಿ ತೆರೆದಿತ್ತು, ಪಕ್ಕದ ತಟ್ಟೆಯಲ್ಲಿ ಖಡಕ್ ರೊಟ್ಟಿಯ ಚೂರು.

“ಬಾ, ಕುಂತ್ಗೋ. ಉಂಡೇನ?”

“ಉಂಡೇನಿ ಚಿಗವ್ವ.”

“ಎಲ್ಲಾರೂ ಅಂತಾರ, ನೀ ಬರದು ಉಳಿಸಿದಿ ಅಂತ. ಹೌದ, ಉಳಿಸಿದಿ. ಅಂಗಡಿ ಐತಿ, ಹೆಸರೂ ಐತಿ.” ಸೂಜಿಗೆ ದಾರ ಪೋಣಿಸಿ, ತುದಿಗೆ ಗಂಟು ಹಾಕಿ, ಮೊದಲ ಸಲ ನನ್ನ ಮುಖ ನೋಡಿದಳು. “ಆ ಕಾಗದದಾಗ ತಪ್ಪು ಅಂತ ಬರದಿಯಲ್ಲ, ಯಾರ ತಪ್ಪು ಅಂತ ಬರದಿ?”