ನೋಡದೆ ಹೇಳಿದ ಕಂತುಗಳು

ಮಾನೇಸರದ ನಮ್ಮ ಕಾರ್ಖಾನೆಯಲ್ಲಿ ಕಾರಿನ ಬಿಡಿಭಾಗಗಳು ತಯಾರಾಗುತ್ತವೆ. ನಾನು ಅಲ್ಲಿ ಖರೀದಿ ವಿಭಾಗದಲ್ಲಿದ್ದೇನೆ. ಮೇಲಿನ ಮಹಡಿಯಲ್ಲಿ ಮೂವರು ಜಪಾನಿ ಅಧಿಕಾರಿಗಳು ಕೂರುತ್ತಾರೆ. ಎದುರು ಸಿಕ್ಕರೆ ನಾನು ತಲೆ ಬಾಗಿಸುತ್ತೇನೆ, ಅವರೂ ಬಾಗಿಸುತ್ತಾರೆ, ಅಲ್ಲಿಗೆ ನಮ್ಮ ನಂಟು ಮುಗಿಯಿತು. ಆದರೆ ದೆಹಲಿಯ ಪೀತಮ್‌ಪುರದಲ್ಲಿರುವ ನನ್ನ ಅಕ್ಕನ ಕಣ್ಣಿಗೆ ನಾನು ಜಪಾನನ್ನೇ ಅರೆದು ಕುಡಿದವಳು. ಅವಳ ಮಗಳು ಜಪಾನಿನ ಕಾರ್ಟೂನು, ಅಂದರೆ ಅನಿಮೆ, ನೋಡಲು ಶುರು ಮಾಡಿದಾಗ ಅಕ್ಕ ನೇರವಾಗಿ ಫೋನ್ ಮಾಡಿದ್ದು ನನಗೇ.

ಅಕ್ಕ ಮತ್ತು ಭಾವ ಪೀತಮ್‌ಪುರದಲ್ಲಿ ಇಡ್ಲಿ ದೋಸೆಯ ಹೋಟೆಲು ನಡೆಸುತ್ತಾರೆ. ಬೆಳಗ್ಗೆ ಐದಕ್ಕೆ ಎದ್ದರೆ ಮಧ್ಯಾಹ್ನ ಮೂರೂವರೆಗೆ ಬಿಡುವು, ಆರಕ್ಕೆ ಮತ್ತೆ ಶುರು. ಮಗಳು ಹನ್ನೊಂದನೇ ತರಗತಿ. ಶಾಲೆಯಿಂದ ಬಂದವಳು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡರೆ ಮನೆಯಲ್ಲಿದ್ದೂ ಇಲ್ಲದ ಹಾಗೆ. ಊಟ ಮಾಡು ಅಂದರೆ ‘ಹ್ಞೂಂ’, ಪರೀಕ್ಷೆ ಹೇಗಾಯಿತು ಅಂದರೆ ‘ಠೀಕ್’. ಅಕ್ಕನಿಗೆ ಮಗಳು ಕೈಜಾರಿ ಹೋಗುತ್ತಿದ್ದಾಳೆ ಎಂಬ ಭಯ ಹತ್ತಿತ್ತು. ಬೇರೆ ತಾಯಂದಿರಾಗಿದ್ದರೆ ಫೋನ್ ಕಿತ್ತುಕೊಳ್ಳುತ್ತಿದ್ದರು. ಅಕ್ಕ ಹಾಗೆ ಮಾಡಲಿಲ್ಲ. ಅವಳು ಏನು ನೋಡುತ್ತಾಳೋ ಅದನ್ನು ತಾನೂ ತಿಳಿದುಕೊಳ್ಳಬೇಕು, ಅದರ ಬಗ್ಗೆ ನಾಲ್ಕು ಮಾತಾಡಬೇಕು ಅಂದುಕೊಂಡಳು. ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ಪರದೆಯ ಕೆಳಗೆ ಓಡುವ ಇಂಗ್ಲಿಷ್ ಸಾಲನ್ನು ಕೂಡಿಸಿ ಓದುವಷ್ಟರಲ್ಲಿ ನಾಲ್ಕು ಸಾಲು ಮುಂದೆ ಹೋಗಿರುತ್ತಿತ್ತು.

“ನೀನು ನೋಡಿ ನನಗೆ ಕಥೆ ಹೇಳು. ಅವಳ ಹತ್ರ ಮಾತಾಡ್ಲಿಕ್ಕೆ ನನ್ನ ಹತ್ರ ಬೇರೆ ಎಂತದೂ ಉಳಿದಿಲ್ಲ ಮಾರಾಯ್ತಿ” ಅಂದಳು.

ಹಾಗಾಗಿ ನಮ್ಮಿಬ್ಬರಲ್ಲಿ ಒಂದು ಏರ್ಪಾಡಾಯಿತು. ಪ್ರತಿ ಶನಿವಾರ ಒಂದು ಹೊಸ ಕಂತು ಬರುತ್ತಿತ್ತು, ಒಟ್ಟು ಹನ್ನೆರಡು. ಸೋಮವಾರ ಕಂಪನಿ ಬಸ್ಸಿನಲ್ಲಿ ಗುರುಗ್ರಾಮದಿಂದ ಹೋಗುವಾಗ ನಾನು ನೋಡುವುದು, ಮಂಗಳವಾರ ನಾಲ್ಕು ಗಂಟೆಯ ಟೀ ಹೊತ್ತಿಗೆ ಅಕ್ಕನಿಗೆ ಫೋನಿನಲ್ಲಿ ಹೇಳುವುದು. ಆ ಕಡೆಯಿಂದ ಅವಳು ಕೊತ್ತಂಬರಿ ಸೊಪ್ಪು ಬಿಡಿಸುತ್ತಾ ಕೇಳುವುದು.

ಕಥೆ ಸಣ್ಣದು. ಒಂದು ಬಂದರಿನ ಊರು. ಅಲ್ಲೊಬ್ಬ ಹುಡುಗಿ ಹಳೆ ರೇಡಿಯೋ ರಿಪೇರಿ ಮಾಡುತ್ತಾಳೆ. ಅವಳ ತಾಯಿಗೆ ದೂರದ ದ್ವೀಪದ ಹವಾಮಾನ ಕೇಂದ್ರದಲ್ಲಿ ಕೆಲಸ. ದಿನಾ ಸಂಜೆ ರೇಡಿಯೋದಲ್ಲಿ ಗಾಳಿ, ಅಲೆ, ಮಳೆಯ ವರದಿ ಓದುವ ತಾಯಿಯ ದನಿ ಕೇಳುತ್ತದೆ. ತಾಯಿ ಮಾತ್ರ ಬರುವುದಿಲ್ಲ. ಮೊದಲ ಕಂತು ನೋಡುವಾಗ, ಇದನ್ನು ನೋಡಿ ಮಕ್ಕಳು ಊಟ ಬಿಡುತ್ತಾರಾ ಅನ್ನಿಸಿತ್ತು. ಹುಡುಗಿ ಒಂದು ಕಿತ್ತಳೆ ಸುಲಿಯುತ್ತಾಳೆ, ಪೂರ್ತಿ ಒಂದು ನಿಮಿಷ. ಯಾರೂ ಮಾತಾಡುವುದಿಲ್ಲ, ಹಿಂದೆ ಸಂಗೀತವೂ ಇಲ್ಲ. ಮೂರನೇ ಕಂತಿನ ಹೊತ್ತಿಗೆ ಆ ಸುಮ್ಮನಿರುವಿಕೆ ನನಗೇ ಹಿಡಿಸತೊಡಗಿತು. ಬಸ್ಸು ಟೋಲ್ ದಾಟಿದ್ದು ಗೊತ್ತಾಗುತ್ತಿರಲಿಲ್ಲ.

ಅಕ್ಕನ ಪ್ರಶ್ನೆಗಳೇ ಬೇರೆ. ಹುಡುಗಿ ಏನು ತಿಂದಳು, ಅನ್ನ ಯಾವ ಪಾತ್ರೆಯಲ್ಲಿ ಬೇಯಿಸಿದಳು, ಡಬ್ಬಿ ಯಾರು ಕಟ್ಟಿಕೊಟ್ಟರು. ಮುಕ್ಕೋನದ ಅನ್ನದ ಉಂಡೆಗೆ ಸಮುದ್ರದ ಪಾಚಿಯ ಪಟ್ಟಿ ಸುತ್ತುತ್ತಾರೆ ಎಂದು ನಾನು ಹೇಳಿದ ವಾರ ಅವಳು ತರಕಾರಿ ಮಾರುವ ಭಯ್ಯಾನ ಹತ್ತಿರ ಕೆಸುವಿನೆಲೆ ತರಿಸಿ, ಬೇಯಿಸಿ, ಪಟ್ಟಿ ಕತ್ತರಿಸಿ, ಒಳಗೆ ಮಾವಿನಕಾಯಿ ಉಪ್ಪಿನಕಾಯಿ ಇಟ್ಟ ಅನ್ನದ ಉಂಡೆಗೆ ಸುತ್ತಿ ಮಗಳ ಡಬ್ಬಿಗೆ ಹಾಕಿದಳು. ಅಕ್ಕನ ಮಗಳು ಅದರ ಫೋಟೋ ತೆಗೆದು ನನಗೆ ಕಳಿಸಿದ್ದಳು. ಮಮ್ಮಿಯೂ ಫಾಲೋ ಮಾಡುತ್ತಿದ್ದಾಳೆ ಎಂದು ಗೆಳತಿಯರ ಮುಂದೆ ಹೇಳಿಕೊಂಡು ಓಡಾಡಿದಳಂತೆ. ಅಂದು ಅಕ್ಕ ಫೋನಿನಲ್ಲಿ ಕಥೆ ಕೇಳುವುದನ್ನೂ ಮರೆತು ಅದನ್ನೇ ಮೂರು ಸಲ ಹೇಳಿದಳು.

ಇಷ್ಟಾದ ಮೇಲೆ ನಾನು ಮಾಡಿದ್ದನ್ನು ಹೇಳಬೇಕು. ಏಳನೇ ಕಂತಿನ ನಂತರ ನಾನು ನೋಡುವುದನ್ನು ಬಿಟ್ಟೆ. ಕೆಲಸ ಹೆಚ್ಚಾಗಿತ್ತು ಎಂದು ಬರೆಯಬಹುದು, ಆದರೆ ಅದು ಪೂರ್ತಿ ನಿಜವಲ್ಲ. ಬಸ್ಸಿನಲ್ಲಿ ನಿದ್ದೆ ಬರುತ್ತಿತ್ತು, ಅಷ್ಟೇ. ಮಂಗಳವಾರ ನಾಲ್ಕಕ್ಕೆ ಫೋನ್ ಬಂದಾಗ, ನೋಡಿಲ್ಲ ಅಕ್ಕ, ನಾಳೆ ಹೇಳುತ್ತೇನೆ ಅಂದಿದ್ದರೆ ಮುಗಿಯುತ್ತಿತ್ತು. ಹೋಗದ ಮೀಟಿಂಗಿಗೆ ವರದಿ ಬರೆದು ಪಳಗಿದ ಕೈ ನನ್ನದು. ಎಂಟನೇ ಕಂತನ್ನು ಟೀ ಆರುವುದರೊಳಗೆ ಹೊಸೆದುಬಿಟ್ಟೆ. ಒಂಬತ್ತನೆಯದರಲ್ಲಿ ಬಿರುಗಾಳಿ ಎಬ್ಬಿಸಿದೆ. ಹತ್ತರಲ್ಲಿ, ಹನ್ನೊಂದರಲ್ಲಿ ತಾಯಿ ದೋಣಿ ಹತ್ತುವ ಸಿದ್ಧತೆ ನಡೆಸಿದಳು. ಅಕ್ಕ ನಂಬಿದಳು. ನಿಜ ಹೇಳಬೇಕೆಂದರೆ, ನನಗೆ ಅದರಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಸಿಕ್ಕಿಬೀಳಲಿಲ್ಲ. ಯಾಕೆಂದರೆ ಅಕ್ಕ ಮಗಳ ಎದುರು ಹೆಚ್ಚು ಮಾತಾಡುತ್ತಿರಲಿಲ್ಲ. ‘ಪಾಪ, ಆ ಹುಡುಗಿ ಒಬ್ಬಳೇ ಎಷ್ಟು ಮಾಡ್ತಾಳೆ’ ಅನ್ನುವಳು, ಮಗಳು ತಲೆಯಾಡಿಸುವಳು. ಅಷ್ಟಕ್ಕೇ ಇಬ್ಬರಿಗೂ ಸಮಾಧಾನ.

ಕೊನೆಯ ಕಂತು ಬಂದ ಶನಿವಾರ ನಾನು ಗೆಳತಿಯರ ಜೊತೆ ಮಾಲ್‌ನಲ್ಲಿದ್ದೆ. ಅಕ್ಕನ ಫೋನ್. ಮಗಳು ಅದನ್ನು ನೋಡಿ ಅಳುತ್ತಾ ಕೂತಿದ್ದಾಳೆ, ಊಟಕ್ಕೂ ಏಳುತ್ತಿಲ್ಲ, ಅದರಲ್ಲಿ ಏನಾಯಿತು ಎಂದು ಕೇಳಿದಳು. ನಾನು ಬಟ್ಟೆ ಅಂಗಡಿಯ ಕನ್ನಡಿಯ ಮುಂದೆ ನಿಂತಿದ್ದೆ. ಸೋಮವಾರ ನೋಡಿ ಹೇಳುತ್ತೇನೆ ಎನ್ನಬಹುದಿತ್ತು, ಎನ್ನಲಿಲ್ಲ. ನಮ್ಮ ಸಿನಿಮಾಗಳಲ್ಲಿ ತಾಯಿ ಕೊನೆಗೆ ವಾಪಸ್ ಬಂದೇ ಬರುತ್ತಾಳೆ. ಅದೇ ಧೈರ್ಯದ ಮೇಲೆ, ಖುಷಿಗೆ ಅಳುತ್ತಿರಬೇಕು ಅಕ್ಕ, ತಾಯಿ ಬರುತ್ತಾಳೆ, ಇಬ್ಬರೂ ಕೂತು ಊಟ ಮಾಡುತ್ತಾರೆ ಎಂದೆ. ಅಕ್ಕ ‘ಅಚ್ಛಾ’ ಎಂದು ಫೋನಿಟ್ಟಳು.

ಅವಳು ಹೋಗಿ ಮಗಳ ಪಕ್ಕ ಕೂತು, ತಲೆ ನೇವರಿಸಿ, ಅಮ್ಮ ಬಂದಳಲ್ಲ, ಇನ್ಯಾಕೆ ಅಳು ಅಂದಳಂತೆ.

ತಾಯಿ ಬಂದಿರಲಿಲ್ಲ. ಅವಳು ಸತ್ತು ವರ್ಷಗಳೇ ಆಗಿದ್ದವು. ದಿನಾ ಸಂಜೆ ಕೇಳುತ್ತಿದ್ದದ್ದು ಹಿಂದೆಯೇ ಮುದ್ರಿಸಿಟ್ಟ ದನಿ. ಊರಿನವರೆಲ್ಲ ಸೇರಿ ಆ ಹುಡುಗಿಗೋಸ್ಕರ ಅದನ್ನು ಹಾಕುತ್ತಿದ್ದರು. ಕೊನೆಯಲ್ಲಿ ಹುಡುಗಿ ತಾನೇ ರೇಡಿಯೋ ಆರಿಸಿ, ಕಿಟಕಿ ತೆರೆದು, ಆಕಾಶ ನೋಡಿ ಅಂದಿನ ಹವಾಮಾನ ಹೇಳುತ್ತಾಳೆ.

ಇದೆಲ್ಲ ನನಗೆ ಗೊತ್ತಾದದ್ದು ಅರ್ಧ ಗಂಟೆಯ ನಂತರ ಅಕ್ಕನ ಮಗಳು ಫೋನ್ ಮಾಡಿದಾಗ. ದನಿ ಇನ್ನೂ ಒದ್ದೆಯಾಗಿತ್ತು. “ಚಿಕ್ಕಮ್ಮ, ನೀವು ಮಮ್ಮಿಗೆ ಸ್ಟೋರಿ ಸರಿಯಾಗೇ ಹೇಳ್ತಿದ್ರಿ ಅಲ್ವಾ? ಯಾ ವೋ ಸುನ್ತೀ ಹೀ ನಹೀ ಥೀ?” ಅಂದಳು. ಇಷ್ಟು ವಾರ ಅಮ್ಮ ಕಥೆ ಕೇಳುತ್ತಲೇ ಇರಲಿಲ್ಲವೋ, ಸುಮ್ಮನೆ ಬಾಯಿಗೆ ಬಂದದ್ದು ಹೇಳುತ್ತಿದ್ದಳೋ ಎನ್ನುವುದು ಅವಳ ಸಂಕಟ. ಉತ್ತರ ನನ್ನ ಒಂದು ಮಾತಿನಲ್ಲಿತ್ತು.

“ನಾನು ಹೇಳಿದ್ದೆ. ಹೋಟೆಲಿನ ಗಲಾಟೆಯಲ್ಲಿ ಅವಳಿಗೆ ಸರಿಯಾಗಿ ತಲೆಗೆ ಹೋಗಿರ್ಲಿಕ್ಕಿಲ್ಲ” ಎಂದೆ.

ಆ ಮಾತು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಸುಳ್ಳು ಕಥೆ ಹೇಳಿದ್ದು ಸೋಮಾರಿತನ. ಇದು ಸೋಮಾರಿತನವಲ್ಲ. ಹದಿನಾರು ವರ್ಷದ ಹುಡುಗಿಯ ಮುಂದೆ ನನ್ನ ಮಾನ ಉಳಿಯಲಿ ಎಂದು ಅವಳ ತಾಯಿಯನ್ನು ದಡ್ಡಿ ಮಾಡಿದೆ.

ಮಂಗಳವಾರ ನಾಲ್ಕಕ್ಕೆ ಫೋನ್ ಬರಲಿಲ್ಲ. ನಾನೇ ಮಾಡಿದೆ. ಅಕ್ಕ ಸಿಟ್ಟಾಗಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮಗಳು ಎಲ್ಲ ಹೇಳಿದಳು, ನೀನು ಚಂದ ಮಾಡಿ ಹೇಳಿರುತ್ತೀ, ಫೋನಿನ ಗಲಾಟೆಯಲ್ಲಿ ನಾನೇ ಏನೇನೋ ತಿಳಿದುಕೊಂಡೆ, ಓದದವರ ಹಣೆಬರಹ ಇಷ್ಟೇ, ಇನ್ನು ಕಥೆ ಬೇಡ ಮಾರಾಯ್ತಿ, ನಿನಗೂ ಸುಮ್ಮನೆ ತೊಂದರೆ ಅಂದಳು. ಹಾಗೇನಿಲ್ಲ ಅಕ್ಕ ಎಂದೆ. ಅಷ್ಟು ಮಾತ್ರ ಎಂದೆ.

ಆಮೇಲೆ ಬಿಟ್ಟ ಕಂತುಗಳನ್ನೆಲ್ಲ ಕೂತು ನೋಡಿದೆ. ಬಸ್ಸಿನಲ್ಲೇ ಅತ್ತುಬಿಟ್ಟೆ. ಪಕ್ಕದ ಸೀಟಿನವಳು ಮನೆಯಲ್ಲಿ ಎಲ್ಲ ಠೀಕ್ ತಾನೇ ಎಂದು ವಿಚಾರಿಸಿದಳು. ಹೇಳಿಬಿಡಬೇಕೆಂದು ನಿರ್ಧರಿಸಿ ಒಂದು ಭಾನುವಾರ ಮಧ್ಯಾಹ್ನ ಮೆಟ್ರೋ ಹತ್ತಿ ಪೀತಮ್‌ಪುರಕ್ಕೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ.

ಹುಡುಗಿ ಸೋಫಾದ ಮೇಲೆ ಕಾಲು ಮಡಚಿ ಕೂತು ಹೊಸದೊಂದು ಸರಣಿ ನೋಡುತ್ತಿದ್ದಳು. ಅಕ್ಕ ಬಿಸಿ ಗೋಳಿಬಜೆಯ ತಟ್ಟೆ ನನ್ನ ಕೈಗೆ ಕೊಟ್ಟು ಮಗಳ ಪಕ್ಕ ಕೂತಳು. ಪರದೆಯತ್ತ ಬಗ್ಗಿ, ಇದು ಯಾವುದರ ಕಥೆ ಎಂದು ಮೆಲ್ಲಗೆ ಕೇಳಿದಳು. ಮಗಳು ಒರಟಾಗಿ ಹೇಳಲಿಲ್ಲ. ಅಮ್ಮನ ಮೊಣಕಾಲಿನ ಮೇಲೆ ಕೈಯಿಟ್ಟು, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ, “ರೆಹನೇ ದೋ ಮಮ್ಮಿ. ನಿಂಗೆ ಅರ್ಥ ಆಗಲ್ಲ” ಅಂದಳು.

ಅಕ್ಕ ನಕ್ಕಳು. “ಹೌದು ಮಾರಾಯ್ತಿ, ಚಿಕ್ಕಮ್ಮ ಅಷ್ಟು ಬಿಡಿಸಿ ಹೇಳಿದ್ರೂ ನನಗೆ ತಿಳೀಲಿಲ್ಲ” ಎಂದು ನನ್ನ ಕಡೆ ತಿರುಗಿದಳು. ಮಗಳೂ ತಿರುಗಿದಳು. ಇಬ್ಬರೂ ನನ್ನ ಮುಖ ನೋಡುತ್ತಿದ್ದರು.

ನಾನು ಒಂದು ಬಜೆ ಮುರಿದು ಚಟ್ನಿಯಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡೆ. ಚಟ್ನಿ ಸ್ವಲ್ಪ ಖಾರವಾಯಿತು ಎಂದೆ. ಅಕ್ಕ ನೀರು ತರಲು ಎದ್ದಳು.