ಕಾರಿನಲ್ಲಿ ಚಕ್ಕಳಮಕ್ಕಳ ಕೂರುವ ಗಂಗರಾಜು

ಬೆಳಗಿನ ಜಾವ. ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ರಸ್ತೆಗೆ ಮೊದಲ ಪಾಳಿಯ ಬೈಕುಗಳು ಇನ್ನೂ ಬಂದಿಲ್ಲ. ಬಿಳಿ ಬಣ್ಣದ ಸಣ್ಣ ಕಾರೊಂದು ಹಂಪ್ ಹತ್ತಿ ಇಳಿಯುತ್ತದೆ, ಮುಂದೆ ಹೋಗಿ ತಿರುಗಿ ಮತ್ತೆ ಅದೇ ಹಂಪಿಗೆ ಬರುತ್ತದೆ. ಡ್ರೈವರ್ ಪಕ್ಕದ ಸೀಟಿನಲ್ಲಿ ಐವತ್ತು ದಾಟಿದ ವ್ಯಕ್ತಿಯೊಬ್ಬರು ಚಪ್ಪಲಿ ಬಿಟ್ಟು, ಊಟದ ಪಂಕ್ತಿಯಲ್ಲಿ ಕೂತವರಂತೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಸೀಟ್ ಬೆಲ್ಟ್ ಹಾಕಿದ್ದಾರೆ. ಕೈಗಳು ತೊಡೆಯ ಮೇಲಿವೆ, ಏನನ್ನೂ ಹಿಡಿದಿಲ್ಲ.

"ಅಪ್ಪ, ಎಲೆ ಹಾಕ್ಲಾ?" ಕಾರು ಓಡಿಸುತ್ತಿರುವ ಮಗಳು ತನುಶ್ರೀ ಕೇಳುತ್ತಾರೆ.

"ರೋಡ್ ನೋಡ್ಕೊಂಡ್ ಓಡ್ಸೇ. ಇನ್ನೊಂದ್ ಸಲ ಹತ್ಸು. ಈ ಸಲ ಬ್ರೇಕ್ ಹಾಕ್ಬೇಡ."

ಇವರು ಗಂಗರಾಜು. ಊರು ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿ, ಕೆಲಸ ಅಂತರಸನಹಳ್ಳಿಯ ತಗಡಿನ ಶೆಡ್ಡಿನಲ್ಲಿ ಕಾರುಗಳ ಸಸ್ಪೆನ್ಷನ್ ರಿಪೇರಿ. ಶೆಡ್ಡಿಗೆ ಬೋರ್ಡಿಲ್ಲ. ಈಗ ಅವರು ಕೂತಿರುವ ಕಾರು ತುಮಕೂರಿನ ಸದಾಶಿವನಗರದ ವಿಭಾ ಅವರದು. ವಿಭಾ ಕುಣಿಗಲ್‌ನ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕಿ. ಅಪಘಾತವೊಂದರ ನಂತರ ಅವರ ಕಾಲುಗಳಿಗೆ ಸ್ವಾಧೀನವಿಲ್ಲ. ಬ್ರೇಕ್, ಆಕ್ಸಿಲರೇಟರ್ ಎರಡನ್ನೂ ಕೈಯಲ್ಲೇ ನಡೆಸುವ ಕಾರಿನಲ್ಲಿ ಅವರು ವರ್ಷಗಳಿಂದ ಒಬ್ಬರೇ ಕುಣಿಗಲ್‌ಗೆ ಹೋಗಿ ಬರುತ್ತಿದ್ದರು.

ಅಡ್ಡಿ ಬಂದದ್ದು ಕಾರು ಓಡಿಸುವುದಕ್ಕಲ್ಲ, ಹತ್ತುವುದಕ್ಕೆ. ಕಾರಿನ ಸೀಟು ಗಾಲಿಕುರ್ಚಿಗಿಂತ ನಾಲ್ಕು ಬೆರಳು ಎತ್ತರ. ಅಷ್ಟು ಎತ್ತರಕ್ಕೆ ಮೈಯನ್ನು ದಿನವೂ ತೋಳಿನಿಂದಲೇ ಎತ್ತಿ ಎತ್ತಿ ವಿಭಾ ಅವರ ಭುಜ ಸವೆದಿದೆ. ಇನ್ನು ಎತ್ತಬೇಡಿ ಎಂದು ವೈದ್ಯರು ಹೇಳಿದ್ದಾರೆ. ಕಳೆದ ಕೆಲವು ತಿಂಗಳು ಮನೆಯಲ್ಲಿ ತಮ್ಮ ಪ್ರದ್ಯುಮ್ನ, ಶಾಲೆಯಲ್ಲಿ ಸಿಕ್ಕವರು ಅವರನ್ನು ಎತ್ತಿ ಕೂರಿಸುತ್ತಿದ್ದರು. "ಎತ್ತೋರು ಯಾವಾಗ ಸಿಗ್ತಾರೋ ಆಗ ನಾನು ಮನೆಗೆ. ಹಿಂಗಾದ್ರೆ ಡ್ರೈವಿಂಗ್ ಬಿಟ್ಬಿಡ್ಬೇಕು ಅಷ್ಟೇ," ಎನ್ನುತ್ತಾರೆ ವಿಭಾ. ನಾಳೆ ದಸರಾ ರಜೆ ಮುಗಿದು ಶಾಲೆ ತೆರೆಯುತ್ತದೆ. ಅಷ್ಟರೊಳಗೆ ಕಾರು ಸಿದ್ಧವಾಗಬೇಕು.

ಕಾರನ್ನು ಶಾಶ್ವತವಾಗಿ ತಗ್ಗಿಸುವುದು ಸುಲಭ. ಷೋಕಿಗಾಗಿ ಸ್ಪ್ರಿಂಗ್ ಕತ್ತರಿಸಿಕೊಂಡ ಹುಡುಗರು ಆಮೇಲೆ ಗಂಗರಾಜು ಅವರ ಬಳಿಗೇ ಬರುತ್ತಾರೆ. "ಮೊದ್ಲನೇ ಹಂಪಲ್ಲೇ ಹೊಟ್ಟೆ ಕೆರ್ಕೊಂಡಿರುತ್ತೆ," ಎನ್ನುತ್ತಾರೆ ಅವರು. ವಿಭಾ ಅವರಿಗೆ ಬೇಕಾದದ್ದು ನಿಂತಾಗ ಕೂರುವ, ಓಡುವಾಗ ಏಳುವ ಕಾರು. ಅದಕ್ಕೆ ಇರುವುದು ಎರಡು ದಾರಿ. ಎಣ್ಣೆಯ ಒತ್ತಡದಿಂದ ಎತ್ತುವ ಹೈಡ್ರಾಲಿಕ್, ಇಲ್ಲವೇ ರಬ್ಬರ್ ಚೀಲಕ್ಕೆ ಗಾಳಿ ತುಂಬಿ ಎತ್ತುವ ಏರ್ ಸಸ್ಪೆನ್ಷನ್. ಎರಡರಲ್ಲಿ ಯಾವುದಕ್ಕಾದರೂ ಸಾರಿಗೆ ಕಚೇರಿಯ ಅನುಮತಿ ಬೇಕು. ಅದನ್ನು ಪ್ರದ್ಯುಮ್ನ ಓಡಾಡಿ ಮೊದಲೇ ಪಡೆದಿದ್ದರು.

ಈ ಕಾರಿನ ಮುಂದಿನ ಚಕ್ರಗಳಿಗೆ ಇರುವುದು ಸ್ಟ್ರಟ್. ಶಾಕ್ ಅಬ್ಸಾರ್ಬರ್ ಒಳಗೇ ಇರುವ, ಮೇಲೆ ಸ್ಪ್ರಿಂಗ್ ಸುತ್ತಿಕೊಂಡ ಉದ್ದನೆಯ ಕೊಳವೆ ಅದು. ಕಾರಿನ ಭಾರ ಹೊರುವುದೂ ಚಕ್ರವನ್ನು ನೆಟ್ಟಗೆ ನಿಲ್ಲಿಸುವುದೂ ಅದೇ. ಸ್ಟೇರಿಂಗ್ ತಿರುಗಿಸಿದರೆ ಅದೂ ತಿರುಗುತ್ತದೆ. ಹೊಸದೇನನ್ನು ಸೇರಿಸುವುದಾದರೂ ಟೈರಿಗೂ ಕೊಳವೆಗೂ ನಡುವೆ ಉಳಿದಿರುವ ಅಂಗುಲದಷ್ಟು ಜಾಗವನ್ನು ನೋಡಿಕೊಂಡೇ ಸೇರಿಸಬೇಕು.

ಗಂಗರಾಜು ಮೊದಲು ಆರಿಸಿದ್ದು ಎಣ್ಣೆ. ಹಿರೇಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಹದಿನೈದು ವರ್ಷ ಅವರು ರಿಪೇರಿ ಮಾಡಿದ್ದು ಟಿಪ್ಪರ್ ಲಾರಿಗಳ ತೊಟ್ಟಿ ಎತ್ತುವ ಎಣ್ಣೆಯ ಜಾಕುಗಳನ್ನು. ಒಡೆದ ಪೈಪಿನಿಂದ ಚಿಮ್ಮಿದ ಬಿಸಿ ಎಣ್ಣೆಯ ಕಲೆ ಎಡ ಮೊಣಕೈಯಲ್ಲಿ ಇನ್ನೂ ಇದೆ. ಆ ವರ್ಕ್‌ಶಾಪ್ ಮುಚ್ಚಿದಾಗ ಶೆಡ್ಡು ಹಿಡಿದರು. "ಎಣ್ಣೆ ನಂಗೆ ಗೊತ್ತಿರೋ ಸಾಮಾನು ಸಾರ್. ಗಾಳಿ ಅಂದ್ರೆ ಪಂಕ್ಚರ್ ಅಂಗಡಿಯೋರ ಕೆಲ್ಸ ಅನ್ಕೊಂಡಿದ್ದೆ."

ಸ್ಪ್ರಿಂಗ್ ಇದ್ದ ಜಾಗಕ್ಕೆ ಎಣ್ಣೆಯ ಸಿಲಿಂಡರ್ ಕೂರಿಸಿದರು. ಕಾರು ಕ್ಷಣದಲ್ಲಿ ಕೂತಿತು, ಕ್ಷಣದಲ್ಲಿ ಎದ್ದಿತು. ಕುಣಿಗಲ್ ರಸ್ತೆಯಲ್ಲಿ ತಾವೇ ಪಕ್ಕದಲ್ಲಿ ಕೂತು ನೋಡಿದರು. ಸ್ವಲ್ಪ ಗಟ್ಟಿ ಅನ್ನಿಸಿತು, ತಡೆಯಬಹುದು ಅಂದುಕೊಂಡರು. ಕಾರು ಕೊಟ್ಟರು.

ಓಡಿಸಿ ನೋಡಲು ಕುಣಿಗಲ್ ಕಡೆ ಹೊರಟ ವಿಭಾ ಅರ್ಧ ದಾರಿಯಿಂದಲೇ ಹಿಂತಿರುಗಿದರು. ಎಣ್ಣೆಯನ್ನು ಗಾಳಿಯಂತೆ ಅದುಮಲಾಗುವುದಿಲ್ಲ. ಪ್ರತಿ ಹಂಪೂ ನೇರ ಸೀಟಿಗೆ ಗುದ್ದಿದಾಗ ಅವರ ಮೈ ಬಾಗಿಲ ಕಡೆ ವಾಲುತ್ತಿತ್ತು, ಸ್ಟೇರಿಂಗ್ ಹಿಡಿದ ಕೈಯೇ ಮೈಯನ್ನೂ ತಡೆಯಬೇಕಾಗುತ್ತಿತ್ತು.

"ನಾನೂ ಕೂತು ನೋಡಿದ್ನಲ್ಲ ಮೇಡಂ, ಅಷ್ಟೊಂದೇನ್ ಇರ್ಲಿಲ್ವಲ್ಲ," ಎಂದರು ಗಂಗರಾಜು.

"ನೀವು ಕಾಲು ಊರ್ಕೊಂಡು ಕೂತಿದ್ರಿ, ಗಂಗರಾಜು ಅವ್ರೇ."

ಈ ಮಾತು ನೆನಪಿಸಿಕೊಳ್ಳುವಾಗ ಗಂಗರಾಜು ನಗುವುದಿಲ್ಲ. "ಹೌದು ಸಾರ್. ಹಂಪ್ ಬರ್ತಿದ್ದಂಗೆ ನನ್ ಕಾಲು ತಾನಾಗೇ ಒತ್ಕೊಂಬುಡ್ತಿತ್ತು. ನಂಗೇ ಗೊತ್ತಿರ್ಲಿಲ್ಲ." ಮರುದಿನದಿಂದ ಅವರು ಪರೀಕ್ಷೆಗೆ ಚಕ್ಕಳಮಕ್ಕಳ ಹಾಕಿ ಕೂರತೊಡಗಿದರು.

ಹೈಡ್ರಾಲಿಕ್ ಕೆಟ್ಟದ್ದೆಂದು ಬರೆಯಬೇಡಿ ಎಂದು ಅವರು ಹೇಳಿದ್ದರಿಂದ ಇದನ್ನೂ ಸೇರಿಸಬೇಕು. ಒತ್ತಿದ ಅನಿಲ ತುಂಬಿದ ಲೋಹದ ಉಂಡೆಗಳನ್ನು ಜೋಡಿಸಿದರೆ ಎಣ್ಣೆಯ ವ್ಯವಸ್ಥೆಯೂ ಮೆತ್ತಗಾಗುತ್ತದೆ. ಆದರೆ ಅದಕ್ಕೆ, ಪಂಪಿಗೆ, ಹೆಚ್ಚುವರಿ ಬ್ಯಾಟರಿಗೆ ಈ ಸಣ್ಣ ಕಾರಿನಲ್ಲಿ ಜಾಗವಿಲ್ಲ. ಇದ್ದ ಜಾಗದಲ್ಲಿ ಗಾಲಿಕುರ್ಚಿ ಇಡಬೇಕು.

ಹಾಗಾಗಿ ಗಾಳಿ. ಗಾಳಿಗೂ ಅದರದೇ ತೊಂದರೆಗಳಿವೆ. ಏಳುವುದು ನಿಧಾನ. ಚೀಲ ಟೈರಿಗೆ ಉಜ್ಜಬಾರದು. ಸೋರಿದರೆ ಕಾರು ತಾನಾಗಿ ಕೂತುಬಿಡುತ್ತದೆ. ಅದಕ್ಕೇ ಪೂರ್ತಿ ಕುಸಿಯದಂತೆ ಚೀಲದೊಳಗೆ ಗಟ್ಟಿ ರಬ್ಬರ್ ತಡೆ ಇಟ್ಟಿದ್ದಾರೆ. ಪೂರ್ತಿ ಏಳುವ ಮೊದಲು ಕಾರು ಹೊರಟರೆ ಬಜರ್ ಕೂಗುತ್ತದೆ. ಗಾಳಿಯ ಟ್ಯಾಂಕಿನಲ್ಲಿ ಸೇರುವ ನೀರನ್ನು ವಾರಕ್ಕೊಮ್ಮೆ ಬಿಡಬೇಕು. ಅದನ್ನು ಬಿಡುವ ನಲ್ಲಿಯನ್ನು ಸಾಮಾನ್ಯವಾಗಿ ಕಾರಿನಡಿ ಇಡುತ್ತಾರೆ. ಗಂಗರಾಜು ಅದನ್ನು ಬಾಗಿಲ ಅಂಚಿಗೆ ತಂದಿದ್ದಾರೆ, ಗಾಲಿಕುರ್ಚಿಯಲ್ಲಿ ಕೂತೇ ತಿರುಗಿಸಬಹುದು.

ಹಂಪಿನ ಓಡಾಟ ಮುಗಿದಿದೆ. "ಏನಪ್ಪಾ, ಪಾಸಾ ಫೇಲಾ? ನಂಗೆ ಡ್ಯೂಟಿಗ್ ಟೈಮಾಯ್ತು," ಎನ್ನುತ್ತಾರೆ ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ತನುಶ್ರೀ.

"ನಾನ್ ಹೇಳಿದ್ರೆ ಆಯ್ತದಾ? ಮೇಡಂ ಹೇಳ್ಬೇಕು."

ಬಿಸಿಲು ಏರುವ ಹೊತ್ತಿಗೆ ವಿಭಾ ತಮ್ಮನೊಂದಿಗೆ ಬರುತ್ತಾರೆ. ಗಾಲಿಕುರ್ಚಿಯನ್ನು ಬಾಗಿಲಿಗೆ ಒತ್ತಿ ನಿಲ್ಲಿಸಿ ಗುಂಡಿ ಅದುಮುತ್ತಾರೆ. ಉಸಿರು ಬಿಟ್ಟಂತೆ ಸದ್ದು ಮಾಡಿ ಕಾರು ಇಳಿಯುತ್ತದೆ. ಕುರ್ಚಿ, ಸೀಟು ಸಮ. ನಡುವೆ ನುಣುಪಾದ ಹಲಗೆ ಇಟ್ಟು ಅವರು ಜರುಗತೊಡಗುತ್ತಾರೆ. ಪ್ರದ್ಯುಮ್ನ ಅಲುಗುವುದಿಲ್ಲ. ಗಂಗರಾಜು ಮಾತ್ರ ತಮಗೆ ತಿಳಿಯದೆಯೇ ಒಂದು ಹೆಜ್ಜೆ ಮುಂದೆ ಬಂದು ಕೈ ಚಾಚಿದ್ದಾರೆ.

"ಕೈ ತೆಗೀರಿ, ಬಾಗ್ಲು ಹಾಕ್ಬೇಕು," ಎನ್ನುತ್ತಾರೆ ವಿಭಾ, ಸೀಟಿನಿಂದ.

ಕಾರು ಎದ್ದು ನಿಲ್ಲುತ್ತದೆ. ವಿಭಾ ಒಬ್ಬರೇ ಹಂಪಿನ ಮೇಲೆ ಹೋಗಿ, ತಿರುಗಿ, ಇನ್ನೊಮ್ಮೆ ಹೋಗಿ ಬರುತ್ತಾರೆ. ಗಾಜು ಇಳಿಸಿ ಹೇಳುವುದು ಇಷ್ಟೇ: "ನಾಳೆ ಸ್ಕೂಲಿಗೆ ಇದ್ರಲ್ಲೇ ಹೋಗ್ತೀನಿ."

ಮಡಚಿದ ಗಾಲಿಕುರ್ಚಿಯೊಂದಿಗೆ ಪ್ರದ್ಯುಮ್ನ ಅವರೂ ಹತ್ತಿ, ಕಾರು ಮರೆಯಾದ ಮೇಲೆ ಗಂಗರಾಜು ಕೈ ಒರೆಸಿಕೊಳ್ಳುತ್ತಾರೆ. ಬರೆಯಲು ಏನಾದರೂ ಬಿಟ್ಟುಹೋಗಿದೆಯೇ ಎಂದು ಕೇಳಿದರೆ ಅವರೇ ತಿರುಗಿ ಕೇಳುತ್ತಾರೆ.

"ನಾನು ಕೈ ಚಾಚಿದ್ನಲ್ಲ, ಅದನ್ ಬರೀತೀರಾ ಸಾರ್? ಬರೀರಿ, ಪರ್ವಾಗಿಲ್ಲ. ಬೇಕಾಗ್ಲಿಲ್ಲ ಅಂತಾನೂ ಬರ್ದ್‌ಬುಡಿ."